ಒಣದ್ರಾಕ್ಷಿಗೆ ನೆರಳುಂಟು, ಕೂಲಿಯಾಳಿಗಿಲ್ಲ

ಮಲೆನಾಡಿನಲ್ಲಿ ನೆರಳನ್ನು ಯಾರೂ ಬೇಡುವುದಿಲ್ಲ; ಅದು ಇದ್ದೇ ಇರುತ್ತದೆ. ಕಾಫಿಗೂ ಏಲಕ್ಕಿಗೂ ಮರ ಕಾಯ್ದು ನೆರಳು ಒದಗಿಸುವ ನಾಡಿದು. ಅದೇ ನಾಡಿನ ರಸ್ತೆಬದಿಯಲ್ಲಿ ಕೇಬಲ್ ಹುಗಿಯಲು ಗುಂಡಿ ತೋಡುವವರನ್ನು ಯಾವೂರೆಂದು ಕೇಳಿದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳು ಕಿವಿಗೆ ಬೀಳುವುದುಂಟು. ವಿಜಯಪುರ ಜಿಲ್ಲೆಯ ಆ ಸೀಮೆಯಲ್ಲಿ ನೆರಳು ಅಪರೂಪದ ವಸ್ತು. ಜಿಲ್ಲೆಯ ಅರಣ್ಯವು ಒಟ್ಟು ಭೂಪ್ರದೇಶದ ಶೇ. 1ರಷ್ಟೂ ಇಲ್ಲ. ಮೇ ತಿಂಗಳ ಮೊದಲ ವಾರದಲ್ಲಿ ಅಲ್ಲಿ ಸೂರ್ಯನು ನಡುನೆತ್ತಿಗೆ ಬರುತ್ತಾನೆ. ಮಧ್ಯಾಹ್ನ ನಿಂತವನ ನೆರಳು ಅವನ ಪಾದದಡಿಯೇ ಅಡಗುತ್ತದೆ. ಎರೆಹೊಲದಲ್ಲಿ ಆ ಹೊತ್ತಿಗೆ ಬೇರೆ ನೆರಳೂ ಇರುವುದಿಲ್ಲ.

ಇಂಥ ಸೀಮೆಗೆ ಈಗ ಒಂದು ಉಪದೇಶ ಬಂದು ತಲುಪಿದೆ: ಬಿಸಿಲು ಚರ್ಮಕ್ಕೆ ಕೆಡುಕು, ಆದ್ದರಿಂದ ಸನ್‌ಸ್ಕ್ರೀನ್ ಹಚ್ಚಿಕೊಳ್ಳಿರಿ. ಉಪದೇಶದ ಮೊದಲರ್ಧ ಸತ್ಯ, ಉಳಿದರ್ಧ ವ್ಯಾಪಾರ. ಈ ಲೇಪಗಳು ಹೇಳಿದಷ್ಟು ಕೆಲಸ ಮಾಡಬೇಕಾದರೆ ದಪ್ಪನಾಗಿ ಹಚ್ಚಬೇಕು, ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು, ಬೆವರಿದರೆ ಇನ್ನೂ ಬೇಗ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಗ್ರಾಂ ಬೇಕಾಗುತ್ತದೆ. 50 ಗ್ರಾಮಿನ ಟ್ಯೂಬಿಗೆ ಒಂದು ದಿನದ ಕೂಲಿ ತೆರಬೇಕಾದವಳಿಗೆ ಇದನ್ನು ಹೇಳುವವರಿಗೆ ಲೆಕ್ಕ ಬರುವುದಿಲ್ಲ, ಇಲ್ಲವೇ ಲಜ್ಜೆ ಇಲ್ಲ.

ಇನ್ನೊಂದು ಬಗೆಯವರ ಮಾತು ಇದಕ್ಕೆ ತಿರುಗುಮುರುಗು: ‘ಕಪ್ಪು ಮೈಯವರು, ಬಿಸಿಲಿಗೆ ಹುಟ್ಟಿದವರು, ಅವರಿಗೇನಾದೀತು?’ ಇದೂ ಅರ್ಧಸತ್ಯವೇ. ಚರ್ಮದ ಮೆಲನಿನ್ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಬಿಳಿಯರ ದೇಶಗಳಲ್ಲಿ ಮನೆಮಾತಾಗಿರುವ ಚರ್ಮದ ಕ್ಯಾನ್ಸರ್ ಈ ನೆಲದಲ್ಲಿ ಅಪರೂಪವಾಗಿರುವುದು ಅದರಿಂದಲೇ. ಬರುವ ಕೆಲವು ಕ್ಯಾನ್ಸರುಗಳ ಮೂಲವೂ ಬಿಸಿಲಲ್ಲ: ಹಳೆಯ ಸುಟ್ಟಗಾಯದ ಕಲೆಯಲ್ಲಿ ಹುಣ್ಣೆದ್ದು ಬೆಳೆಯುವುದುಂಟು, ಅಂಗಾಲಿನ ಕಪ್ಪು ಮಚ್ಚೆ ಹರಡುವುದುಂಟು. ತಿಂಗಳಾದರೂ ಮಾಯದ ಹುಣ್ಣನ್ನೂ ಬಣ್ಣ ಆಕಾರ ಬದಲಿಸುವ ಮಚ್ಚೆಯನ್ನೂ ವೈದ್ಯರಿಗೆ ತೋರಿಸಲೇಬೇಕು. ಆದರೆ ಕ್ಯಾನ್ಸರ್ ಕಡಿಮೆಯೆಂದ ಮಾತ್ರಕ್ಕೆ ಬಿಸಿಲು ನಿರಪಾಯಕಾರಿಯೆಂದಾಗದು. ಕಣ್ಣಿನಲ್ಲಿ ಮಾಂಸ ಬೆಳೆದು ಗುಡ್ಡೆಯ ಮೇಲೆ ಹರಿಯುವುದು, ಮೋತಿಬಿಂದು ಬೇಗ ಕೂಡುವುದು, ಕೆನ್ನೆಯಲ್ಲಿ ಬಂಗು ಎದ್ದು ಗಟ್ಟಿಯಾಗುವುದು: ಇವುಗಳಿಗೆಲ್ಲ ಬಿಸಿಲಿನ ಕೈವಾಡವಿದೆ.

ಇಂಡಿಯ ಲಿಂಬೆಯನ್ನೇ ನೋಡಬಹುದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಆ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಸೋರಲೆನ್ ಎಂಬ ಜಾತಿಯ ವಸ್ತುಗಳಿವೆ. ಸಿಪ್ಪೆಯ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಅದು ಸುಡುತ್ತದೆ, ಕಪ್ಪು ಮೈಯನ್ನೂ ಬಿಡುವುದಿಲ್ಲ. ಬೊಬ್ಬೆ ಏಳುವುದು ಒಂದೆರಡು ದಿನ ಕಳೆದ ಮೇಲೆ. ಹೀಗಾಗಿ ಕಾರಣ ಲಿಂಬೆಯೆಂದು ಊಹಿಸುವವರೇ ಕಡಿಮೆ. ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದನ್ನು ತಿಳಿಯದೆ ಮುಖ ಬೆಳ್ಳಗಾಗಲೆಂದು ಲಿಂಬೆರಸ ಸವರಿಕೊಂಡು ಬಿಸಿಲಿಗೆ ಹೊರಡುವ ವಿದ್ಯಾರ್ಥಿನಿಯರೂ ಇದ್ದಾರೆ. ಬೆಳ್ಳಗಾಗುವ ಈ ಹುಚ್ಚಿಗೆ ನೀರೆರೆದವರು ಬೇರೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನ ‘ಫೇರ್’ ಪದವನ್ನು ಕೈಬಿಟ್ಟಿತು; ಹುಚ್ಚು ಮಾತ್ರ ಬಿಡಲಿಲ್ಲ. ಸ್ಟಿರಾಯ್ಡ್ ಬೆರೆತ ಮುಲಾಮುಗಳಂತೂ ಚರ್ಮವನ್ನೇ ತೆಳುವಾಗಿಸಿ ಬಿಸಿಲಿಗೆ ಒಡ್ಡುತ್ತವೆ. ಅವುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದ್ದನ್ನು ಎಷ್ಟು ಅಂಗಡಿಗಳು ಓದಿವೆಯೋ!

ನಿಜವಾಗಿ ಸನ್‌ಸ್ಕ್ರೀನ್ ಬೇಕಾದವರು ಬೇರೆಯೇ ಇದ್ದಾರೆ. ಅವರು ಹುಟ್ಟಿನಿಂದಲೇ ಮೆಲನಿನ್ ಇಲ್ಲದ ವರ್ಣಹೀನ ಮಕ್ಕಳು. ಈ ಸ್ಥಿತಿ ತಂದೆತಾಯಿ ಇಬ್ಬರಿಂದಲೂ ಬರಬೇಕು. ಆದ್ದರಿಂದ ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ಸೀಮೆಯಲ್ಲಿ ಅದರ ಸಾಧ್ಯತೆ ಹೆಚ್ಚು. ಇವರಿಗೆ ಬಿಸಿಲಿನಿಂದ ಬರುವ ಕ್ಯಾನ್ಸರ್ ದೂರದ ಭಯವಲ್ಲ. ಟಾಂಜಾನಿಯದ ಮೋಶಿಯಲ್ಲಿ ಅಂಥವರಿಗೆಂದೇ ಸ್ಥಳೀಯವಾಗಿ ಸನ್‌ಸ್ಕ್ರೀನ್ ತಯಾರಿಸಿ ಉಚಿತವಾಗಿ ಹಂಚುತ್ತಾರೆ. ಆ ಬಡದೇಶಕ್ಕೆ ಸಾಧ್ಯವಾದದ್ದು ಕರ್ನಾಟಕಕ್ಕೆ ಅಸಾಧ್ಯವೇನಲ್ಲ.

ಉಳಿದವರಿಗೆ ಬೇಕಾದದ್ದು ಬಟ್ಟೆ, ನೆರಳು, ಹೊತ್ತು. ಬಟ್ಟೆಯನ್ನು ಜನ ತಾವೇ ಕಂಡುಕೊಂಡಿದ್ದಾರೆ. ಗಂಡಸರ ರುಮಾಲು, ತಲೆಯ ಮೇಲಿನ ಸೆರಗು, ಸೀರೆಯ ಮೇಲೆ ಹೆಂಗಸರು ತೊಡುವ ಗಂಡಸರ ತುಂಬುತೋಳಿನ ಅಂಗಿ, ಇವು ಯಾವ ಟ್ಯೂಬಿಗೂ ಕಡಿಮೆಯಲ್ಲ. ಆ ಅಂಗಿಯನ್ನು ನೋಡಿ ನಗುವವರು ಒಮ್ಮೆ ತಾವೂ ತೊಟ್ಟು ತೊಗರಿ ಕೊಯ್ಯಬೇಕು.

ನೆರಳು ಮತ್ತು ಹೊತ್ತು ಕೂಲಿಯವರ ಕೈಯಲ್ಲಿಲ್ಲ. ಜಿಲ್ಲೆಯ ದ್ರಾಕ್ಷಿ ಸೀಮೆಯಲ್ಲಿ ಬೇಸಿಗೆ ಕಾಲಿಟ್ಟಾಗ ಸಾಲುಸಾಲು ಒಣಗುಶೆಡ್ಡುಗಳು ಕಾಣುತ್ತವೆ. ನೇರ ಬಿಸಿಲು ತಾಗಿದರೆ ಹಣ್ಣು ಕಂದಿ ದರ ಇಳಿಯುತ್ತದೆಂದು ಮಾಲೀಕರು ನೆರಳುಬಲೆ ಕಟ್ಟಿ, ಸುಮಾರು ಎರಡು ವಾರ ಜೋಪಾನವಾಗಿ ಒಣಗಿಸುತ್ತಾರೆ. ಕೃಷಿಶಾಸ್ತ್ರವೇ ಕಲಿಸಿದ ಪದ್ಧತಿಯಿದು, ತಪ್ಪಿಲ್ಲ. ಸಸಿಮಡಿಗೂ ನೆರಳುಬಲೆ, ಎಳೆಗಿಡದ ಕಾಂಡಕ್ಕೂ ಬಿಸಿಲು ತಡೆಯುವ ಸುಣ್ಣದ ಲೇಪ. ಆ ಹಣ್ಣನ್ನು ಕೊಯ್ದವಳು ಬುತ್ತಿ ಬಿಚ್ಚಲು ಟ್ರ್ಯಾಕ್ಟರಿನ ಅಡಿ ನುಸುಳಬೇಕು. ಕಂದಿದ ಹಣ್ಣಿಗೆ ದರ ಇಳಿಯುತ್ತದೆ. ಕಂದಿದ ಮೈಗೆ ಕೂಲಿ ಅಷ್ಟೇ, ನಷ್ಟ ಯಾರ ಖಾತೆಗೂ ಬರುವುದಿಲ್ಲ.

ಸರ್ಕಾರಕ್ಕೆ ಬಿಸಿಲು ಗೊತ್ತಿಲ್ಲವೆನ್ನುವಂತಿಲ್ಲ. 2025ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸಲಾಯಿತು. ಹಿಂದಿನ ವರ್ಷಗಳಲ್ಲೂ ಹೀಗೆ ಆದದ್ದುಂಟು. ಸೂರಿನಡಿ, ಫ್ಯಾನಿನಡಿ ಕುಳಿತವರಿಗೆ ದೊರೆತ ಈ ಕರುಣೆ ಸೂರಿಲ್ಲದವರಿಗೆ ಏಕೆ ವಿಸ್ತರಿಸಲಿಲ್ಲ? 2005ರ ಉದ್ಯೋಗ ಖಾತರಿ ಕಾಯಿದೆಯ ಅನುಸೂಚಿಯಲ್ಲಿ ಕೆಲಸದ ಜಾಗದಲ್ಲಿ ಕುಡಿಯುವ ನೀರು, ಮಕ್ಕಳಿಗೂ ವಿಶ್ರಾಂತಿಗೂ ನೆರಳು ಇರಬೇಕೆಂದು ಬರೆದಿತ್ತು. ಕೆರೆ ಹೂಳಿನ ಕೆಲಸಕ್ಕೆ ಹೋದವರಿಗೆ ಆ ಸಾಲು ಎಷ್ಟು ಬಾರಿ ಬಟ್ಟೆಯ ಚಪ್ಪರವಾಗಿ ಕಂಡಿತೆಂಬುದನ್ನು ಅವರನ್ನೇ ಕೇಳಬೇಕು.

ಬೇಡಿಕೆ ದೊಡ್ಡದಲ್ಲ. ಮಾರ್ಚಿನಿಂದ ಜೂನ್ ಮೊದಲ ಮಳೆಯವರೆಗೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 3.30ರವರೆಗೆ ಸಾರ್ವಜನಿಕ ಕಾಮಗಾರಿ ನಿಲ್ಲಲಿ, ಕೂಲಿ ಕಡಿತವಾಗದಿರಲಿ. ಗುತ್ತಿಗೆದಾರನ ಬಿಲ್ಲಿಗೆ ಸಹಿ ಬೀಳುವ ಮುನ್ನ ಚಪ್ಪರ ಹಾಕಿದ್ದನೇ ಎಂದು ನೋಡಲಿ. ರಸ್ತೆ ಅಗಲಿಸಲು ಬೇವು, ಹುಣಸೆ ಕಡಿದಲ್ಲಿ ಬೇವು, ಹುಣಸೆಯನ್ನೇ ನೆಟ್ಟು ಮೂರು ಬೇಸಿಗೆ ನೀರುಣಿಸಲಿ; ಹೂವಿನ ಅಲಂಕಾರದ ಗಿಡಗಳಿಂದ ಬುತ್ತಿಗೆ ನೆರಳಾಗದು. ಮಲೆನಾಡಿನಲ್ಲಿ ಗುಂಡಿ ತೋಡಲು ಬಂದವರಿಗೂ ಇದೇ ವೇಳೆ ಅನ್ವಯಿಸಬೇಕು. ಮರ ಕಡಿದ ಘಟ್ಟದ ರಸ್ತೆಬದಿಯಲ್ಲೂ ಏಪ್ರಿಲ್ ಮಧ್ಯಾಹ್ನದಲ್ಲಿ ನೆರಳೇನೂ ಇರುವುದಿಲ್ಲ.