ನಮ್ಮ ಮನೆಯ ಚಿತ್ರವನ್ನು ಯಾರು ತೆಗೆಯಬೇಕು?

ದಾಂಡೇಲಿಯ ಮಂಗಟ್ಟೆ ಹಕ್ಕಿಯತ್ತ ತಿರುಗಿದಷ್ಟು ಕ್ಯಾಮೆರಾಗಳು ಜೋಯಿಡಾದ ಒಬ್ಬ ಕುಣಬಿ ಅಜ್ಜಿಯತ್ತ ತಿರುಗಿಲ್ಲ. ಹಕ್ಕಿಯ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂದೊಡನೆ ಪರದೆಯ ಮೇಲೆ ಮೂಡುವುದು ಕಾಡು, ಹುಲಿ, ಕಾಳಿ ನದಿಯ ರಾಫ್ಟಿಂಗ್. ಮನುಷ್ಯರು ಬಂದರೆ ಡಮಾಮಿ ಕುಣಿತದ ಸಿದ್ದಿಗಳು, ಕಡುಗೆಂಪು ನಿಲುವಂಗಿಯ ಲಾಮಾಗಳು. ಮೂರು ದಿನಕ್ಕೆಂದು ಬಂದವರು ಮೂರು ದಿನದಲ್ಲಿ ಕಂಡಷ್ಟನ್ನು ಒಯ್ಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ನನ್ನ ತಕರಾರಿರುವುದು ಇಲ್ಲೇ ಹುಟ್ಟಿ ಬೆಳೆದು, ಜೇಬಿನಲ್ಲಿ ಒಳ್ಳೆಯ ಕ್ಯಾಮೆರಾ ಫೋನನ್ನಿಟ್ಟುಕೊಂಡು, "ಸರ್, ನಮ್ಮ ಮನೆಯಲ್ಲಿ ಚಿತ್ರ ಮಾಡುವಂಥದ್ದು ಏನಿದೆ?" ಎಂದು ಕೇಳುವ ನನ್ನ ಶಿಷ್ಯರೊಡನೆ.

ಸೂಪಾ ಇತ್ತಲ್ಲ! 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಅಣೆಕಟ್ಟೆಯ ಹಿನ್ನೀರು ಆ ಪೇಟೆಯನ್ನು ನುಂಗಿತು. ತಾಲ್ಲೂಕು ಕೇಂದ್ರ ಜೋಯಿಡಾ ಆಯಿತು. ನೆಲೆ ಕಳೆದುಕೊಂಡ ಅನೇಕರು ರಾಮನಗರದಲ್ಲಿ ನೆಲೆಸಿದರು. ಅಲ್ಲಿ ಬಾಳಿದ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಪರಿಹಾರದ ಲೆಕ್ಕ ಕಡತಗಳಲ್ಲಿರುತ್ತದೆ. ಯಾರ ಜಗಲಿಗೆ ಹೊಳೆಯ ಸದ್ದು ಕೇಳುತ್ತಿತ್ತು ಎಂಬುದು ಅವರ ಬಾಯಲ್ಲಿ ಮಾತ್ರ ಇದೆ. ಮುಂಡಗೋಡದ ಟಿಬೆಟನ್ ಕಾಲನಿ 1966ರದು. 1959ರ ನಂತರ ಹಿಮಾಲಯ ದಾಟಿ ಬಂದ ತಲೆಮಾರೂ ಹಾಗೆಯೇ ಕರಗುತ್ತಿದೆ.

ಆನಂದ ಪಟವರ್ಧನರು ರಾಜಕೀಯ ಸಾಕ್ಷ್ಯಚಿತ್ರಗಳಿಂದ ಹೆಸರಾದವರು. ಅವರ 2023ರ ‘ವಸುಧೈವ ಕುಟುಂಬಕಂ’ ಹುಟ್ಟಿದ್ದು ಮುಪ್ಪಿನ ತಂದೆತಾಯಿಯರನ್ನು ಮನೆಯಲ್ಲಿ ಚಿತ್ರಿಸಿಕೊಂಡ ತುಣುಕುಗಳಿಂದ. ಮನೆಯ ಹರಟೆಯೊಳಗಿಂದಲೇ ಅಲ್ಲಿ ಸ್ವಾತಂತ್ರ್ಯ ಹೋರಾಟದ ಚರಿತ್ರೆ ಎದ್ದು ಬರುತ್ತದೆ. ನಮ್ಮದೇ ಜಿಲ್ಲೆಯ ನಟೇಶ ಹೆಗಡೆ 2021ರ ‘ಪೆದ್ರೊ’ದಲ್ಲಿ ಸ್ವಂತ ತಂದೆಯನ್ನೇ ಮುಖ್ಯ ಪಾತ್ರದಲ್ಲಿ ನಿಲ್ಲಿಸಿದರು. ಅದು ಕಥಾಚಿತ್ರ, ನಿಜ. ಆದರೆ ಬೂಸಾನ್ ಚಿತ್ರೋತ್ಸವದವರೆಗೆ ಹೋದದ್ದು ಆ ಮನೆಯ ಮುಖವೇ ಅಲ್ಲವೆ? ಇನ್ನು ಪ್ರಾಯೋಜಕರು ಸಿಗಲಿ ಎಂದು ಕಾಯುವವರಿಗೆ ಹೇಳುವುದು ಇಷ್ಟೇ: ಹಣ ಕೊಟ್ಟವರು ಮತ್ತೆ ಹುಲಿಯನ್ನೇ ಕೇಳುತ್ತಾರೆ.

ಮನೆಯ ಗುಟ್ಟನ್ನು ಬೀದಿಗೆ ತರುವುದೇ ಎಂದು ಬಂಧುಗಳು ಕೇಳುತ್ತಾರೆ. ಇದು ಗಂಭೀರವಾದ ಪ್ರಶ್ನೆ. ಮೊದಲು ಅನುಮತಿ ಕೇಳಬೇಕು; ಮುಗಿದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು; ಬೇಡವೆಂದ ಮಾತನ್ನು ತೆಗೆದುಹಾಕಬೇಕು. ಆದರೆ ಮದುವೆಯ ವಿಡಿಯೊದಲ್ಲಿ ಉಣ್ಣುವವರ ಬಾಯಿಯವರೆಗೂ ಕ್ಯಾಮೆರಾ ಒಯ್ಯುವ ನಾವು ಗುಟ್ಟಿನ ಮಾತಾಡಿದರೆ ನನಗೆ ನಗು ಬರುತ್ತದೆ.

ಹೀಗೆ ಮಾಡಿ ನೋಡಿ. ಪರದೆಯ ತುಂಬ ಹಿನ್ನೀರಿನ ನೀರಷ್ಟೇ ಇರಲಿ. ಸೂಪಾದ ಹಿರಿಯರೊಬ್ಬರ ದನಿ ಆ ಪೇಟೆಯ ಬೀದಿಯನ್ನು ಅಂಗಡಿಯಿಂದ ಅಂಗಡಿಗೆ ಹೇಳುತ್ತ ಹೋಗಲಿ. ಬೇಕಾದರೆ ಅದನ್ನು ಪ್ರಾಯೋಗಿಕ ಚಿತ್ರವೆಂದು ಕರೆಯಿರಿ. ಡ್ರೋನ್ ಬೇಡ, ಕೊಳಲಿನ ಸಂಗೀತವಂತೂ ಬೇಡವೇ ಬೇಡ. ಅವರು ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯೇ ಇರಲಿ, ಕೆಳಗೆ ಕನ್ನಡದ ಸಾಲು ಕೊಟ್ಟರಾಯಿತು. ನಡುವೆ ಕುಕ್ಕರ್ ಕೂಗಿದರೆ ಕತ್ತರಿಸಬೇಡಿ. ಮಳೆಗಾಲ ಮುಗಿಯಲಿ ಎಂದೂ ಮುಂದೂಡಬೇಡಿ. ಜೋಯಿಡಾದ ಮಳೆಯಲ್ಲಿ ಹಿರಿಯರು ಮನೆಯಲ್ಲೇ ಇರುತ್ತಾರೆ, ಕೇಳಿದರೆ ಮಾತಾಡುತ್ತಾರೆ.