ಬ್ರೇಕಿನ ನಿದಾನ

ನಮ್ಮದು 1960ರ ದಶಕದ ಅಂಬಾಸಡರ್ ಬಂಡಿ. ನಾಲ್ಕು ಚಕ್ರಗಳಿಗೂ ಒಂದೇ ಮಾಸ್ಟರ್ ಸಿಲಿಂಡರು. ಅದು ಕೆಟ್ಟರೆ ಕೈಬ್ರೇಕಲ್ಲದೆ ಬೇರೆ ಗತಿಯಿಲ್ಲ. ಮೊಮ್ಮಕ್ಕಳೊಡನೆ ಆಗುಂಬೆಯ ಘಾಟಿಯನ್ನಿಳಿಯಬೇಕೆಂದಿದ್ದ ಮುನ್ನಾದಿನ, ನಿಂತ ಬಂಡಿಯಲ್ಲಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದೆವು. ಅದು ಮೆಲ್ಲಮೆಲ್ಲನೆ ಕೆಳಕ್ಕಿಳಿಯತೊಡಗಿತು.

ಆಯಿಲಿನ ಡಬ್ಬಿ ತುಂಬಿದ್ದಿತು. ಚಕ್ರಗಳ ಬಳಿ ಒಂದು ತೊಟ್ಟಿನ ಕಲೆಯೂ ಇರಲಿಲ್ಲ. ಮೇಸ್ತ್ರಿಯು ಗಾಳಿ ಸೇರಿದೆಯೆಂದು ಹೇಳಿ, ಎರಡು ಬಾರಿ ಗಾಳಿ ತೆಗೆದು ಹಣವನ್ನೂ ಪಡೆದನು. ಫಲವಾಗಲಿಲ್ಲ. ಚಿಕಿತ್ಸೆಗೆ ಮೊದಲು ನಿದಾನವೆಂದು ವೈದ್ಯಶಾಸ್ತ್ರವು ವಿಧಿಸಿರುವುದು ಸುಮ್ಮನೆಯೆ?

ಗಾಳಿ ಸೇರಿದ್ದರೆ ಪೆಡಲು ಸ್ಪಂಜಿನಂತೆ ಮೆತ್ತಗಿರುವುದು. ದ್ರವವು ಕುಗ್ಗದು, ಗಾಳಿ ಕುಗ್ಗುವುದು. ಎರಡು ಮೂರು ಸಲ ಬೇಗಬೇಗನೆ ಒತ್ತಿದ ಮೇಲೆ ಎತ್ತರದಲ್ಲಿ ಗಟ್ಟಿಯಾಗಿ ನಿಂತರೆ, ಶೂಗಳು ಸವೆದು ಡ್ರಮ್ಮಿನಿಂದ ದೂರವಾಗಿರುವುವು. ಒತ್ತಿ ಹಿಡಿದ ಪೆಡಲು ತಾನಾಗಿ ಜಾರುತ್ತ, ಹೊರಗೆಲ್ಲಿಯೂ ಸೋರದಿದ್ದರೆ, ಮಾಸ್ಟರ್ ಸಿಲಿಂಡರಿನೊಳಗಣ ರಬ್ಬರು ವಾಷರನ್ನು ದಾಟಿ ಆಯಿಲು ಹಿಂದಕ್ಕೆ ನುಸುಳುತ್ತಿರುವುದೆಂದು ಮೊದಲು ಸಂಶಯಿಸತಕ್ಕದ್ದು.

ಬಿಚ್ಚಿಸಿ ನೋಡಲಾಗಿ ಹಾಗೆಯೇ ಇದ್ದಿತು. ವಾಷರಿನ ಅಂಚು ಹರಿದಿತ್ತು. ಒಳಗೋಡೆಯಲ್ಲಿ ತುಕ್ಕಿನ ಗುಳಿಗಳು. ಬ್ರೇಕಿನ ಆಯಿಲು ಗಾಳಿಯ ತೇವವನ್ನು ಹೀರುವುದು. ನಾವೋ ವರ್ಷಗಟ್ಟಲೆ ಅದನ್ನು ಬದಲಾಯಿಸಿರಲಿಲ್ಲ. ಗುಳಿಬಿದ್ದ ಸಿಲಿಂಡರಿಗೆ ಬರಿಯ ವಾಷರು ಹಾಕಿದರೆ ಅದೂ ಬೇಗನೆ ಹರಿಯುವುದರಿಂದ, ಸಿಲಿಂಡರನ್ನೇ ಹೊಸದಾಗಿ ಹಾಕಿಸಿದೆವು. ಈಗ ಪೆಡಲು ಒತ್ತಿದಲ್ಲಿಯೇ ನಿಲ್ಲುವುದು. ಪ್ರಯಾಣವು ಒಂದು ವಾರ ತಡವಾಯಿತೆಂದು ಮೊಮ್ಮಕ್ಕಳು ಮಾತ್ರ ನಮ್ಮ ಮೇಲೆ ಇನ್ನೂ ಮುನಿಸಿಕೊಂಡಿರುವರು.