ರಜೆಯ ಲೆಕ್ಕ

ಬೇಸಗೆ ರಜೆಯೆಂದು ಹೆಸರು ಮಾತ್ರ. ಪಿಯು ಮಕ್ಕಳಿಗೆ ರಜೆ ಎಲ್ಲುಂಟು ಮಾರಾಯ್ರೆ? ಬೆಳಿಗ್ಗೆ ಸಿಇಟಿ, ಸಂಜೆ ನೀಟ್. ಲೆಕ್ಕಕ್ಕೊಂದು ನಿಮಿಷ. 1, 3, 5 ಎಂದು ಬೆಸಸಂಖ್ಯೆಗಳನ್ನು ಕೂಡುತ್ತ ಹೋದರೆ ವರ್ಗಸಂಖ್ಯೆಯೇ ಯಾಕೆ ಬರುತ್ತದೆ ಎಂದು ಕೇಳಿದ ಹುಡುಗಿಗೆ, "ಅದು ಪರೀಕ್ಷೆಗಿಲ್ಲ, ಕೂತ್ಕೋ" ಎಂಬ ಉತ್ತರ.

ಪ್ರೊ. ಎಸ್. ಕುಮರೇಶನ್ 1993ರಲ್ಲಿ ಶುರುಮಾಡಿದ ಎಂಟಿಟಿಎಸ್ ಬೇಸಗೆ ಗಣಿತ ಶಿಬಿರದಲ್ಲಿ ಇಂಥ 'ಯಾಕೆ'ಯೇ ಪಾಠ. ನಾಲ್ಕು ವಾರ ವಿದ್ಯಾರ್ಥಿಯೇ ಯೋಚಿಸಬೇಕು, ತಪ್ಪಬೇಕು, ಮತ್ತೆ ಸಾಧಿಸಬೇಕು. ಆದರೆ ಅದು ಕಾಲೇಜು ಮೆಟ್ಟಿಲು ಹತ್ತಿದವರಿಗೆ. ಅಷ್ಟರಲ್ಲಿ ನಮ್ಮ ಮಕ್ಕಳ ಕುತೂಹಲ ಅರೆದು ಮುಗಿದಿರುತ್ತದೆ.

ಸುರತ್ಕಲ್ಲಿನಲ್ಲಿ ಎನ್‌ಐಟಿಕೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಉಂಟು. ಎರಡು ವಾರ, ಒಂದು ಕೋಣೆ, ಒಂದು ಕರಿಹಲಗೆ, ಗಡಿಯಾರ ನೋಡದ ಇಬ್ಬರು ಮಾಸ್ಟ್ರು. ಕನ್ನಡ ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು ಬರುವ ಏಪ್ರಿಲಿಗೇ ಸುರುಮಾಡಲಿಕ್ಕೆ ಅಡ್ಡಿ ಏನು?